ಅಮ್ಮನಿಗೆ ಟಾವಿ ಮಾಡಿಸಬೇಕು, ಕ್ರಿಯೇಟಿನಿನ್ 1.4 ಇದೆ. ಕಿಡ್ನಿಗೆ ಎಷ್ಟು ಅಪಾಯ?

ಮೈಸೂರು_ಮಗಳು
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 78 ವರ್ಷ, ತೂಕ 50 ಕೆಜಿ. ಸಕ್ಕರೆ ಕಾಯಿಲೆ ಹಳೆಯದು. ಕಿಡ್ನಿ ಹೇಗಿದೆ ಎಂದು ನೋಡುವ ರಕ್ತ ಪರೀಕ್ಷೆ ಕ್ರಿಯೇಟಿನಿನ್‌ನಲ್ಲಿ 1.4 ಬಂದಿದೆ, ಅದು ಏರಿದಷ್ಟೂ ಕಿಡ್ನಿ ಕುಗ್ಗಿದೆ ಎಂದರ್ಥವಂತೆ. ಹೃದಯದಿಂದ ರಕ್ತ ಹೊರಗೆ ಹೋಗುವ ಅಯೋರ್ಟಿಕ್ ವಾಲ್ವ್ ಸುಣ್ಣಗಟ್ಟಿ ತುಂಬಾ ಕಿರಿದಾಗಿದೆ ಎಂದು ಎಕೋದಲ್ಲಿ ಬಂದಿದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೋದ ತಿಂಗಳು ತಲೆ ಸುತ್ತಿ ಬಿದ್ದರು ಕೂಡ.

ಹೃದಯದ ಡಾಕ್ಟರು ಎದೆ ತೆರೆಯುವ ಆಪರೇಷನ್ ಬೇಡ, ತೊಡೆಸಂದಿಯ ರಕ್ತನಾಳದಿಂದ ಹೊಸ ವಾಲ್ವ್ ಕೂರಿಸೋಣ, ಅಂದರೆ ಟಾವಿ ಮಾಡೋಣ ಎನ್ನುತ್ತಾರೆ. ಕಿಡ್ನಿ ಡಾಕ್ಟರು ಬೇರೆ ಆಸ್ಪತ್ರೆಯವರು. ಅವರು ರಿಪೋರ್ಟ್ ನೋಡಿ "ಕಾಂಟ್ರಾಸ್ಟ್ ಹಾಕಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು, ಯೋಚನೆ ಮಾಡಿ" ಎಂದರು. ಯೋಚನೆ ಮಾಡಿ ಅಂದರೆ ಏನು ಮಾಡುವುದು? ದೋಹಾದಲ್ಲಿರುವ ಅಣ್ಣ ಫೋನಿನಲ್ಲೇ "ಏನೂ ಬೇಡ, ಮಾತ್ರೆಯಲ್ಲಿ ನೋಡಿಕೊಳ್ಳೋಣ" ಎಂದು ತೀರ್ಪು ಕೊಟ್ಟಿದ್ದಾನೆ. ಹೃದಯ ಸರಿ ಮಾಡಲು ಹೋಗಿ ಡಯಾಲಿಸಿಸ್‌ಗೆ ಬಿದ್ದರೆ ಎನ್ನುವುದೇ ಭಯ. ಮನೆಯಲ್ಲಿ ಯಾರಿಗಾದರೂ ಟಾವಿ ಆಗಿದ್ದರೆ ದಯವಿಟ್ಟು ಹೇಳಿ.

ಡಿಕಾಕ್ಷನ್
ಅಮ್ಮನಿಗೆ ಒಳ್ಳೆಯದಾಗಲಿ. ನಮ್ಮ ಮಾವನಿಗೂ ಇದೇ ಮಾತು ನಡೀತಿದೆ, ಫಾಲೋ ಮಾಡ್ತಿದ್ದೇನೆ.

ತೋಟದ_ಮನೆ
ಕಿಡ್ನಿಗೆ ಬಾಳೆದಿಂಡಿನ ರಸದಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಕೊಡಿ. ಒಂದು ತಿಂಗಳಲ್ಲಿ ಕ್ರಿಯೇಟಿನಿನ್ ಇಳಿಯುತ್ತೆ.

ಕುಡ್ಲ_ಕ್ಯಾಥ್‌ಲ್ಯಾಬ್
ಬಾಳೆದಿಂಡನ್ನು ಜನ ಹೇಳುವುದು ಕಿಡ್ನಿ ಕಲ್ಲಿಗೆ ಮಾರಾಯ್ರೆ. ಇಲ್ಲಿ ಕಲ್ಲಿನ ಮಾತೇ ಇಲ್ಲ.

ನಾನು ಕ್ಯಾಥ್ ಲ್ಯಾಬ್ (ರಕ್ತನಾಳದೊಳಗೆ ಕೊಳವೆ ತೂರಿಸಿ ಹೃದಯದ ಚಿಕಿತ್ಸೆ ಮಾಡುವ ಕೋಣೆ) ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಟೇಬಲ್ ಪಕ್ಕ ನಿಂತು ನೋಡಿದ್ದನ್ನು ಹೇಳುತ್ತೇನೆ. ಟಾವಿಯಲ್ಲಿ ಕಿಡ್ನಿಗೆ ಪೆಟ್ಟು ಬೀಳುವುದು ಒಂದೇ ದಾರಿಯಿಂದ ಅಲ್ಲ. ಎಲ್ಲರೂ ಕಾಂಟ್ರಾಸ್ಟ್ ಕಾಂಟ್ರಾಸ್ಟ್ ಎನ್ನುತ್ತಾರೆ. ಅದು ಅಯೋಡಿನ್ ಇರುವ ದ್ರವ, ಎಕ್ಸ್‌ರೇಯಲ್ಲಿ ರಕ್ತನಾಳ ಕಾಣಲಿ ಎಂದು ಹಾಕುವುದು. ಅದೊಂದು ಕಾರಣ. ಬಲೂನ್ ಉಬ್ಬಿಸಿ ವಾಲ್ವ್ ಕೂರಿಸುವಾಗ ಅದು ಜಾರಬಾರದು ಎಂದು ಹೃದಯವನ್ನು ಕೆಲವು ಸೆಕೆಂಡ್ ನಿಮಿಷಕ್ಕೆ 180-200ರ ವೇಗದಲ್ಲಿ ಓಡಿಸುತ್ತಾರೆ. ಆಗ ಬಿಪಿ ದಢಾರನೆ ಬೀಳುತ್ತೆ, ಕಿಡ್ನಿಗೆ ರಕ್ತ ಹೋಗುವುದಿಲ್ಲ. ಬೇಗ ಮೇಲೆ ಬಂದರೆ ತೊಂದರೆ ಇಲ್ಲ. ಬಾರದಿದ್ದರೆ ಕಷ್ಟ. ವಯಸ್ಸಾದವರ ಮಹಾಪಧಮನಿಯ ಗೋಡೆಯಲ್ಲಿ ಕೊಬ್ಬು, ಸುಣ್ಣ ಕೂತಿರುತ್ತೆ. ದಪ್ಪ ಕೊಳವೆ, ಅಂದರೆ ಕ್ಯಾಥೆಟರ್ ಉಜ್ಜಿಕೊಂಡು ಹೋಗುವಾಗ ಅದರ ಚೂರುಗಳು ಎದ್ದು ಕಿಡ್ನಿಯ ಸಣ್ಣ ನಾಳಗಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಇನ್ನು ತೊಡೆಯ ಹತ್ತಿರ ರಕ್ತಸ್ರಾವ ಜಾಸ್ತಿಯಾಗಿ ರಕ್ತ ಏರಿಸಬೇಕಾಗಿ ಬಂದವರಲ್ಲಿ ಕ್ರಿಯೇಟಿನಿನ್ ಏರುವುದು ಹೆಚ್ಚು.

ಹಾಗಾಗಿ "ಕಾಂಟ್ರಾಸ್ಟ್ ಎಷ್ಟು ಹಾಕ್ತೀರಿ" ಎಂದು ಮಾತ್ರ ಕೇಳಿ ಸುಮ್ಮನಾಗಬೇಡಿ. ಹಿಮೋಗ್ಲೋಬಿನ್ ಎಷ್ಟಿದೆ?

ಸಂಶಯ_ಸಿದ್ದಪ್ಪ
ಇದೆಲ್ಲ ದುಡ್ಡಿನ ಆಟ ಸ್ವಾಮಿ. 78ಕ್ಕೆ ಹದಿನೈದು ಇಪ್ಪತ್ತು ಲಕ್ಷ ಸುರಿಯಬೇಕಾ? ನಮ್ಮಜ್ಜಿ ಯಾವ ವಾಲ್ವೂ ಹಾಕಿಸದೆ 92 ಬದುಕಿದರು.

ಮೈಸೂರು_ಮಗಳು
@ಸಂಶಯ_ಸಿದ್ದಪ್ಪ ನಿಮ್ಮಜ್ಜಿಗೆ ವಾಲ್ವ್ ಕಿರಿದಾಗಿತ್ತಾ ಸರ್?
@ಕುಡ್ಲ_ಕ್ಯಾಥ್‌ಲ್ಯಾಬ್ ತುಂಬಾ ಥ್ಯಾಂಕ್ಸ್. ಹಿಮೋಗ್ಲೋಬಿನ್ 9.8. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ.

ನೆಫ್ರೋ_ನೈಟ್‌ಡ್ಯೂಟಿ
ನೆಫ್ರಾಲಜಿ ಟ್ರೈನಿಂಗ್‌ನಲ್ಲಿದ್ದೇನೆ. ನಿಮ್ಮ ಡಾಕ್ಟರ ಮಾತೇ ಕೊನೆ, ಇದು ಸಾಮಾನ್ಯ ವಿಷಯ ಅಷ್ಟೇ.

ಮೊದಲು ಕ್ರಿಯೇಟಿನಿನ್ 1.4 ಎನ್ನುವುದನ್ನು ಬಿಡಿ. ಆ ಅಂಕಿ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ವಯಸ್ಸು, ಗಂಡು ಹೆಣ್ಣು ಎಲ್ಲ ಸೇರಿಸಿ ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತೆ ಎಂದು ಅಂದಾಜು ಮಾಡುವ ಅಂಕಿ ಇಜಿಎಫ್‌ಆರ್, ಅದನ್ನು ನೋಡಬೇಕು. 78 ವರ್ಷದ ಗಂಡಸಿಗೆ 1.4 ಇದ್ದರೆ ಇಜಿಎಫ್‌ಆರ್ 51ರ ಹತ್ತಿರ ಬರುತ್ತೆ. ಅದೇ ವಯಸ್ಸಿನ ಹೆಂಗಸಿಗೆ 38 ಅಷ್ಟೇ. ಅಂದರೆ ದೀರ್ಘಕಾಲದ ಕಿಡ್ನಿ ಕಾಯಿಲೆಯ ಐದು ಹಂತಗಳಲ್ಲಿ ನಿಮ್ಮ ಅಮ್ಮನ ಕಿಡ್ನಿ ಆಗಲೇ ಮೂರನೇ ಹಂತದಲ್ಲಿದೆ. ಟಾವಿ ನಂತರ ಕಿಡ್ನಿ ಪೆಟ್ಟಿಗೆ ದೊಡ್ಡ ಸೂಚನೆಯೇ ಇದು, ಮೊದಲಿಂದಲೂ ಕಿಡ್ನಿ ದುರ್ಬಲವಾಗಿರುವುದು. ಅದರ ಮೇಲೆ ಸಕ್ಕರೆ ಕಾಯಿಲೆ, ರಕ್ತಹೀನತೆ. ಆದ್ದರಿಂದ ಕಿಡ್ನಿ ಡಾಕ್ಟರು ಹೇಳಿದ್ದು ಸುಮ್ನೆ ಹೆದರಿಸಲು ಅಲ್ಲ.

ಆದರೆ "ಕಿಡ್ನಿಗೆ ಪೆಟ್ಟು" ಅಂದ ಕೂಡಲೇ ಡಯಾಲಿಸಿಸ್ ಎಂದು ತಿಳಿಯಬೇಡಿ. 48 ಗಂಟೆಯೊಳಗೆ ಕ್ರಿಯೇಟಿನಿನ್ 0.3 ಏರಿದರೂ ಅದನ್ನು ಒಂದನೇ ಹಂತದ ಪೆಟ್ಟು ಎಂದು ಬರೆಯುತ್ತೇವೆ (ಇದು ಹಠಾತ್ ಪೆಟ್ಟಿನ ಹಂತ, ಮೇಲೆ ಹೇಳಿದ ಕಾಯಿಲೆಯ ಹಂತವೇ ಬೇರೆ). ಅಮ್ಮನಿಗೆ 1.4 ಇದ್ದದ್ದು 1.7 ಆದರೆ ಸಾಕು, ಲೆಕ್ಕಕ್ಕೆ ಬಂತು. ಎರಡು ಪಟ್ಟಾದರೆ ಎರಡನೇ ಹಂತ, ಮೂರು ಪಟ್ಟಾದರೆ ಮೂರನೇ ಹಂತ. ಹಳೆಯ ವರದಿಗಳಲ್ಲಿ ಟಾವಿ ಆದವರಲ್ಲಿ ನೂರಕ್ಕೆ 10ರಿಂದ 30 ಜನರಿಗೆ ಕಿಡ್ನಿ ಪೆಟ್ಟು ಎಂದು ಓದಿ ಹೆದರುತ್ತಾರಲ್ಲ, ಅದರಲ್ಲಿ ಬಹುಪಾಲು ಒಂದನೇ ಹಂತದವು. ಡಯಾಲಿಸಿಸ್ ಬೇಕಾಗುವವರು ತೀರಾ ಕಡಿಮೆ.

ಹಾಗಂತ ಒಂದನೇ ಹಂತ ಅಂದರೆ ಏನೂ ಅಲ್ಲ ಅಂತಲ್ಲ. ಪೆಟ್ಟು ಬಿದ್ದವರಲ್ಲಿ ಮುಂದಿನ ವರ್ಷದ ಸಾವಿನ ಪ್ರಮಾಣ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ.

ಹುಬ್ಬಳ್ಳಿ_ಗಾಳಿ
ನಮ್ಮ ತಂದೆಯವರಿಗೆ ಆಗಿದೆ ನೋಡ್ರಿ. ವಯಸ್ಸು 81. ಕ್ರಿಯೇಟಿನಿನ್ 1.6 ಇತ್ತು, ಮಾಡಿಸಿದ ಮೂರನೇ ದಿನ 2.3ಕ್ಕೆ ಹೋಯಿತು. ಅವ್ವ ಐಸಿಯು ಬಾಗಿಲಲ್ಲೇ ಅಳ್ತಾ ಕೂತುಬಿಟ್ಟರು. ಆಮೇಲೆ ತಾನಾಗೇ ಇಳೀತು. ಈಗ 1.3. ಮೊದಲಿಗಿಂತ ಕಡಿಮೆ! ಡಾಕ್ಟರು "ಹೃದಯ ಸರಿಯಾಗಿ ಪಂಪ್ ಮಾಡ್ತಿದೆ, ಕಿಡ್ನಿಗೂ ರಕ್ತ ಸಿಗ್ತಿದೆ" ಅಂದರು. ಈಗ ದಿನಾ ಬೆಳಿಗ್ಗೆ ಪೇಪರ್ ತರಲು ತಾವೇ ಹೋಗುತ್ತಾರೆ.

ಸಂಶಯ_ಸಿದ್ದಪ್ಪ
ಒಬ್ಬರಿಗೆ ಆಯಿತು ಅಂತ ಎಲ್ಲರಿಗೂ ಆಗುತ್ತಾ?

ನೆಫ್ರೋ_ನೈಟ್‌ಡ್ಯೂಟಿ
ಒಬ್ಬರಿಗಲ್ಲ. ದೊಡ್ಡ ಅಧ್ಯಯನಗಳಲ್ಲೂ ಟಾವಿ ಆದ ಹೆಚ್ಚಿನವರಲ್ಲಿ ಕಿಡ್ನಿ ಇದ್ದ ಹಾಗೇ ಇದೆ, ಇಲ್ಲವೇ ಸುಧಾರಿಸಿದೆ. ಕಾರಣ ಸರಳ. ವಾಲ್ವ್ ಕಿರಿದಾದಾಗ ಮುಂದಕ್ಕೆ ರಕ್ತ ಸಾಲುವುದಿಲ್ಲ, ಹಿಂದೆ ಒತ್ತಡ ಕಟ್ಟಿಕೊಳ್ಳುತ್ತೆ. ಕಿಡ್ನಿ ಎರಡೂ ಕಡೆಯಿಂದ ಒದ್ದಾಡುತ್ತೆ. ವಾಲ್ವ್ ಬಿಟ್ಟುಬಿಟ್ಟರೆ ಕಿಡ್ನಿ ಉಳಿಯುತ್ತೆ ಎನ್ನುವ ಲೆಕ್ಕವೇ ಸರಿ ಇಲ್ಲ.

ಇನ್ನೊಂದು. 2010ರ ಪಾರ್ಟ್ನರ್ ಅಧ್ಯಯನದಲ್ಲಿ ಆಪರೇಷನ್ ಮಾಡಲಾಗದವರನ್ನು ಎರಡು ಗುಂಪು ಮಾಡಿದ್ದರು. ಟಾವಿ ಇಲ್ಲದೆ ಬೇರೆ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದಲ್ಲಿ ನೂರಕ್ಕೆ 50.7 ಜನ ತೀರಿಕೊಂಡರು. ಟಾವಿ ಆದವರಲ್ಲಿ 30.7. "ಮಾತ್ರೆಯಲ್ಲಿ ನೋಡಿಕೊಳ್ಳೋಣ" ಎನ್ನುವ ಅಣ್ಣನಿಗೆ ಇದನ್ನು ಕಳಿಸಿ.

ಮಲೆನಾಡ_ಕೊಡೆ
ಎಲ್ಲ ಚೆನ್ನಾಗೇ ಆಗುತ್ತೆ ಅಂತ ಬರೆಯುವುದೂ ಬೇಡ. ನಮ್ಮ ದೊಡ್ಡಪ್ಪನಿಗೆ ಮೊದಲೇ 3.1 ಇತ್ತು. ಟಾವಿ ಆದಮೇಲೆ ಮೂತ್ರ ನಿಂತೇ ಹೋಯಿತು. ಡಯಾಲಿಸಿಸ್ ಶುರುವಾಗಿ ಆಮೇಲೆ ನಿಲ್ಲಲಿಲ್ಲ. ಉಸಿರಾಟ ಸುಧಾರಿಸಿತು, ಅದು ನಿಜ. ಆದರೆ ವಾರಕ್ಕೆ ಮೂರು ದಿನ ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಓಡಾಟ. ಮುಂಚೆ ಯಾರಾದರೂ ಈ ಸಾಧ್ಯತೆಯನ್ನು ಬಾಯಿ ಬಿಟ್ಟು ಹೇಳಿದ್ದರೆ ನಾವು ಬೇಡ ಅಂತಿದ್ದೆವೋ ಏನೋ ಗೊತ್ತಿಲ್ಲ. ಆದರೆ ತಯಾರಾಗಿ ಇರ್ತಿದ್ದೆವು. ಆ ಆಸ್ಪತ್ರೆಯಲ್ಲಿ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಒಂದು ಸಾಲು ಇತ್ತಂತೆ. ಅಷ್ಟೇ.

ಕುಡ್ಲ_ಕ್ಯಾಥ್‌ಲ್ಯಾಬ್
@ಮಲೆನಾಡ_ಕೊಡೆ ನಿಮ್ಮ ಮಾತು ಸರಿ. 3.1 ಎನ್ನುವುದು ಬೇರೆಯೇ ಲೆಕ್ಕ. ಅಂಥವರಿಗೆ ಡಯಾಲಿಸಿಸ್ ಬರಬಹುದು ಎಂದು ಮೊದಲೇ ಕೂರಿಸಿ ಹೇಳಬೇಕು.

ಬಸವನಗುಡಿ_ಬೋಂಡಾ
ನನಗೊಂದು ಡೌಟು. ಕಿಡ್ನಿಗೆ ಇಷ್ಟು ತೊಂದರೆ ಅಂದರೆ ಓಪನ್ ಸರ್ಜರಿಯೇ ವಾಸಿ ಅಲ್ವಾ? ಅದರಲ್ಲಿ ಕಾಂಟ್ರಾಸ್ಟ್ ಇರುವುದಿಲ್ಲ.

ನೆಫ್ರೋ_ನೈಟ್‌ಡ್ಯೂಟಿ
ತುಂಬಾ ಜನ ಹೀಗೇ ಅಂದುಕೊಳ್ಳುತ್ತಾರೆ, ಆದರೆ ಉಲ್ಟಾ. ಓಪನ್ ಸರ್ಜರಿಯಲ್ಲಿ ಹೃದಯ ನಿಲ್ಲಿಸಿ ರಕ್ತವನ್ನು ಮೆಷಿನ್‌ನಿಂದ ಓಡಿಸುತ್ತಾರೆ. ಅದರಿಂದ ಕಿಡ್ನಿಗೆ ಬೀಳುವ ಹೊಡೆತ ಕಾಂಟ್ರಾಸ್ಟ್‌ಗಿಂತ ದೊಡ್ಡದು. 2019ರಲ್ಲಿ ಬಂದ ಎವೊಲ್ಯೂಟ್ ಲೋ ರಿಸ್ಕ್ ಅಧ್ಯಯನ ನೋಡಿ. 30 ದಿನದೊಳಗೆ ಎರಡು ಮೂರನೇ ಹಂತದ ಕಿಡ್ನಿ ಪೆಟ್ಟು ಟಾವಿಯಲ್ಲಿ ನೂರಕ್ಕೆ 0.9, ಸರ್ಜರಿಯಲ್ಲಿ 2.8. ಅವರು ಅಪಾಯ ಕಡಿಮೆ ಇದ್ದ ರೋಗಿಗಳು, ನಿಮ್ಮ ಅಮ್ಮನಂಥವರಲ್ಲ. ಮಧ್ಯಮ ಅಪಾಯದವರ ಸರ್ಟಾವಿ ಅಧ್ಯಯನದಲ್ಲೂ (2017) 1.7 ಮತ್ತು 4.4. ದಿಕ್ಕು ಒಂದೇ.

ಬಸವನಗುಡಿ_ಬೋಂಡಾ
ಓಹ್. ಇದು ಗೊತ್ತೇ ಇರಲಿಲ್ಲ.

ಇತಿಹಾಸದ_ಹುಚ್ಚು
ಸ್ವಲ್ಪ ಪಕ್ಕದ ಮಾತು. ಮೊದಲ ಟಾವಿ ಆಗಿದ್ದು 2002ರ ಏಪ್ರಿಲ್‌ನಲ್ಲಿ, ಫ್ರಾನ್ಸ್‌ನ ರೂಆನ್ ಊರಿನಲ್ಲಿ. ಮಾಡಿದವರು ಅಲೆನ್ ಕ್ರಿಬಿಯೆ. ರೋಗಿಗೆ ಬರೀ 57 ವರ್ಷ, ಸರ್ಜನ್‌ಗಳು ಕೈ ಬಿಟ್ಟಿದ್ದರು. ಆ ಕಾಲಕ್ಕೆ ಇದು ಆಗದ ಹೋಗದ ಕೆಲಸ ಎನ್ನುವವರೇ ಹೆಚ್ಚು. ಈಗ ಗುಜರಾತಿನ ವಾಪಿಯಲ್ಲೇ ವಾಲ್ವ್ ತಯಾರಾಗುತ್ತೆ, ಮೆರಿಲ್ ಕಂಪನಿಯ ಮೈವಾಲ್.

ಸಂಶಯ_ಸಿದ್ದಪ್ಪ
ದೇಶದಲ್ಲೇ ತಯಾರಾದರೂ ರೇಟು ಇಳೀತಾ? ಸ್ಟೆಂಟ್‌ಗೆ 2017ರಲ್ಲಿ ಸರ್ಕಾರ ಬೆಲೆ ಕಟ್ಟಿತು. ಇದಕ್ಕೂ ಕಟ್ಟಲಿ, ಆಮೇಲೆ ಮಾತಾಡೋಣ.

ಡಿಕಾಕ್ಷನ್
ಇದೊಂದು ಮಾತಿಗೆ ಸಿದ್ದಪ್ಪನವರಿಗೆ ನನ್ನ ಓಟು. ನಮ್ಮ ಇನ್ಶೂರೆನ್ಸ್‌ನವರು "ಮೊದಲಿಂದ ಇದ್ದ ಕಾಯಿಲೆ" ಎಂದು ಒಂದೇ ಸಾಲು ಬರೆದು ಫೈಲ್ ಮುಚ್ಚಿದರು.

ಬಸವನಗುಡಿ_ಬೋಂಡಾ
ಇನ್ಶೂರೆನ್ಸ್ ಬೈಯಲು ಬೇರೆ ಥ್ರೆಡ್ ಇದೆ, ಅಲ್ಲಿ ನಾನೂ ಬರ್ತೀನಿ.

ಮೈಸೂರು_ಮಗಳು
ನೆಫ್ರೋ ಅವರೇ, ಒಂದು ಸಣ್ಣ ಪ್ರಶ್ನೆ. ವಾಲ್ವ್ ಅಳತೆ ನೋಡಲು ಸಿಟಿ ಸ್ಕ್ಯಾನ್ ಮಾಡಬೇಕಂತೆ, ಅದಕ್ಕೂ ಕಾಂಟ್ರಾಸ್ಟ್. ಹೃದಯದ ರಕ್ತನಾಳ ನೋಡಲು ಆಂಜಿಯೋ, ಅದಕ್ಕೂ. ಆಮೇಲೆ ಟಾವಿ. ಊರಿಂದ ಮತ್ತೆ ಮತ್ತೆ ಬರುವುದು ಕಷ್ಟ ಅಂತ ಮೂರನ್ನೂ ಒಂದೇ ಅಡ್ಮಿಷನ್‌ನಲ್ಲಿ ಮುಗಿಸೋಣ ಎನ್ನುತ್ತಿದ್ದಾರೆ.

ನೆಫ್ರೋ_ನೈಟ್‌ಡ್ಯೂಟಿ
ಇದು ಸಣ್ಣ ಪ್ರಶ್ನೆ ಅಲ್ಲ ಮೇಡಂ. ನೀವು ಈ ಥ್ರೆಡ್‌ನಲ್ಲಿ ಕೇಳಿದ್ದರಲ್ಲೇ ದೊಡ್ಡ ಪ್ರಶ್ನೆ ಇದು.

ಕಾಂಟ್ರಾಸ್ಟ್ ಎಷ್ಟರವರೆಗೆ ತಡೆದೀತು ಎನ್ನುವುದಕ್ಕೆ ಒಂದು ಅಂದಾಜು ಇದೆ. ಇಜಿಎಫ್‌ಆರ್‌ನ ಮೂರು ಪಟ್ಟು ಮಿಲಿಲೀಟರ್ ದಾಟಬಾರದು. ಅಮ್ಮನಿಗೆ 38 ಅಂದರೆ 114 ಮಿಲಿ. ಎರಡು ಪಟ್ಟಿಗೇ ನಿಲ್ಲಿಸಬೇಕು ಎನ್ನುವವರೂ ಇದ್ದಾರೆ, ಆಗ 76. ಸಿಟಿಗೆ ಒಂದಿಷ್ಟು, ಆಂಜಿಯೋಗೆ ಒಂದಿಷ್ಟು, ಟಾವಿಗೆ ಒಂದಿಷ್ಟು ಎಂದು ಎರಡು ಮೂರು ದಿನದಲ್ಲಿ ಹಾಕಿದರೆ ಆ ಗೆರೆ ಯಾವಾಗಲೋ ದಾಟಿರುತ್ತೆ. ಕಾಂಟ್ರಾಸ್ಟ್‌ನಿಂದ ಕ್ರಿಯೇಟಿನಿನ್ ಏರಲು ಒಂದೆರಡು ದಿನ ಬೇಕು, ತುದಿ ಮುಟ್ಟುವುದು ಮೂರರಿಂದ ಐದನೇ ದಿನ. ಸಿಟಿಯ ಪೆಟ್ಟು ಕಾಣುವ ಮೊದಲೇ ಟಾವಿ ಟೇಬಲ್ ಮೇಲೆ ಮಲಗಿಸಿದರೆ ಒಂದು ಗಾಯ ಮಾಗುವ ಮುಂಚೆ ಇನ್ನೊಂದು.

ತುರ್ತು ಇಲ್ಲದಿದ್ದರೆ ನಡುವೆ ಅಂತರ ಇಡಿ. ಪ್ರತಿ ಹಂತಕ್ಕೂ ಮುಂಚೆ ಕ್ರಿಯೇಟಿನಿನ್ ಮತ್ತೆ ನೋಡಿ, ಹಳೆಯ ಮಟ್ಟಕ್ಕೆ ಬಂದಿದ್ದರೆ ಮುಂದಿನದು. ಸಿಟಿಯನ್ನು ಕಡಿಮೆ ಕಾಂಟ್ರಾಸ್ಟ್‌ನಲ್ಲಿ ತೆಗೆಯುವ ವಿಧಾನ ಇದೆ, ಕೇಳಿ. ಗಂಟಲಿನ ಮೂಲಕ ಮಾಡುವ 3ಡಿ ಎಕೋದಲ್ಲೂ ವಾಲ್ವ್ ಅಳತೆ ಸಿಗುತ್ತೆ, ಆದರೆ ಕಾಲಿನ ರಕ್ತನಾಳದ ದಾರಿ ಅದರಲ್ಲಿ ಕಾಣದು.

ಕುಡ್ಲ_ಕ್ಯಾಥ್‌ಲ್ಯಾಬ್
ನೂರಕ್ಕೆ ನೂರು ಒಪ್ಪಿದೆ. ಒಂದೇ ಅಡ್ಮಿಷನ್‌ನಲ್ಲಿ ಮುಗಿಸುವುದು ನಮ್ಮ ಅನುಕೂಲಕ್ಕೆ, ಕಿಡ್ನಿಯ ಅನುಕೂಲಕ್ಕೆ ಅಲ್ಲ. ಉಸಿರಾಟ ತೀರಾ ಕೆಟ್ಟು ಐಸಿಯುನಲ್ಲಿ ಇದ್ದವರ ಕಥೆ ಬೇರೆ, ಅವರಿಗೆ ಕಾಯಲು ಸಮಯ ಇಲ್ಲ.

ಅತ್ತಿಗೆ_ಆನ್‌ಲೈನ್
ಅಕ್ಕಾ, ಅಮ್ಮನಿಗೆ ಮಂಡಿನೋವು ಇದೆಯಾ? ಇದ್ದರೆ ಏನು ಮಾತ್ರೆ ತಗೊಳ್ತಾರೆ ನೋಡಿ. ನಮ್ಮತ್ತೆ ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್ ಎನ್ನುವ ನೋವಿನ ಮಾತ್ರೆ ತಂದು ಸೆರಗಿನ ಗಂಟಿನಲ್ಲಿ ಇಟ್ಕೊಂಡು ನುಂಗ್ತಿದ್ದರು. ಡಾಕ್ಟರಿಗೂ ಹೇಳಿಲ್ಲ, ನಮಗೂ ಹೇಳಿಲ್ಲ. ಅದನ್ನು ನಿಲ್ಲಿಸಿದ ಮೇಲೆ ಕ್ರಿಯೇಟಿನಿನ್ ತಾನಾಗೇ ಇಳೀತು.

ಮೈಸೂರು_ಮಗಳು
ಅಯ್ಯೋ! ಈಗಷ್ಟೇ ಅಮ್ಮನ ಡಬ್ಬಿ ತೆಗೆದು ನೋಡಿದೆ. ಅದೇ ಜಾತಿಯ ಅಸಿಕ್ಲೋಫಿನಾಕ್ ಅರ್ಧ ಪಟ್ಟಿ ಖಾಲಿ. ಕೇಳಿದರೆ "ಯಾವಾಗಲಾದರೂ ಒಂದು" ಎನ್ನುತ್ತಾರೆ.

ನೆಫ್ರೋ_ನೈಟ್‌ಡ್ಯೂಟಿ
ಇವತ್ತೇ ನಿಲ್ಲಿಸಿ, ಎರಡೂ ಡಾಕ್ಟರಿಗೆ ಹೇಳಿ. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತಾ ಎಂದು ಕೇಳಿಕೊಳ್ಳಿ. ಸಕ್ಕರೆಗೆ ಮೆಟ್‌ಫಾರ್ಮಿನ್ ಇದ್ದರೆ ಕಾಂಟ್ರಾಸ್ಟ್ ಸಮಯದಲ್ಲಿ ಅದನ್ನು ನಿಲ್ಲಿಸಬೇಕಾ, ಎಷ್ಟು ದಿನ ಎನ್ನುವುದನ್ನೂ ಬರೆಸಿಕೊಳ್ಳಿ. ನೀವಾಗಿ ನಿಲ್ಲಿಸಬೇಡಿ.

ತೋಟದ_ಮನೆ
ಸರಿ, ಬಾಳೆದಿಂಡು ಬೇಡ ಅಂದರೆ ಎಳನೀರಾದರೂ ಕೊಡಿ. ಅದಕ್ಕೆ ಯಾರು ಬೇಡ ಅಂತಾರೆ? ಜಾಸ್ತಿ ನೀರು ಕುಡಿದರೆ ಆ ಔಷಧ ತೊಳೆದು ಹೋಗುತ್ತೆ.

ಡಯಾಲಿಸಿಸ್_ದೀಪಾ
ಎಳನೀರಿಗೆ ನಾನು ಬೇಡ ಅಂತೀನಿ ಅಣ್ಣ. ಡಯಾಲಿಸಿಸ್ ಯುನಿಟ್‌ನಲ್ಲಿ ನರ್ಸ್ ನಾನು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕುಗ್ಗಿದವರ ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತೆ. ಆಸ್ಪತ್ರೆ ಗೇಟಿನಲ್ಲೇ ಎಳನೀರು ಮಾರುತ್ತಾರೆ, ನೋಡಲು ಬಂದವರೆಲ್ಲ ಪ್ರೀತಿಯಿಂದ ಒಂದೊಂದು ತರುತ್ತಾರೆ. ಬೇಡ ಅಂದರೆ ಬೇಜಾರು ಬೇರೆ.

ಜಾಸ್ತಿ ನೀರಿನ ಮಾತೂ ಅಷ್ಟೇ. ವಾಲ್ವ್ ಕಿರಿದಾದವರಿಗೆ ಒಮ್ಮೆಲೇ ನೀರು ಜಾಸ್ತಿಯಾದರೆ ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತೆ. ಕಡಿಮೆಯಾದರೆ ಕಿಡ್ನಿ ಒಣಗುತ್ತೆ.

ಹುಬ್ಬಳ್ಳಿ_ಗಾಳಿ
ಹೌದ್ರಿ. ನಮ್ಮ ತಂದೆಗೆ ಹಿಂದಿನ ರಾತ್ರಿಯಿಂದ ಸಲೈನ್ ಹನಿ ಹನಿಯಾಗಿ ಹಾಕಿದರು. ಮಧ್ಯರಾತ್ರಿ ಕೆಮ್ಮು ಬಂತು, ತಕ್ಷಣ ಇಳಿಸಿದರು. ನರ್ಸ್ ಗಂಟೆಗೊಮ್ಮೆ ಬಂದು ಮೂತ್ರದ ಚೀಲ ನೋಡ್ತಿದ್ದರು.

ನೆಫ್ರೋ_ನೈಟ್‌ಡ್ಯೂಟಿ
ಸಲೈನ್ ಸಾಮಾನ್ಯವಾಗಿ ಕೆಜಿಗೆ ಗಂಟೆಗೆ 1 ಮಿಲಿ, ಹೃದಯ ದುರ್ಬಲ ಇದ್ದರೆ ಅದರರ್ಧ. ಅಮ್ಮನಿಗೆ 25ರಿಂದ 50 ಮಿಲಿ ಗಂಟೆಗೆ. ಮೂತ್ರವೂ ಗಂಟೆಗೆ 25 ಮಿಲಿಗಿಂತ ಕೆಳಗೆ ಸತತವಾಗಿ ಹೋದರೆ ಎಚ್ಚರಿಕೆ. ಕ್ರಿಯೇಟಿನಿನ್ ಏರುವ ಮೊದಲೇ ಇದು ಸುಳಿವು ಕೊಡುತ್ತೆ.

ಬಸವನಗುಡಿ_ಬೋಂಡಾ
ಕಿಡ್ನಿ ಕಾಪಾಡಲು ಅಸಿಟೈಲ್‌ಸಿಸ್ಟೀನ್ ಎನ್ನುವ ಔಷಧ ಕೊಡ್ತಾರಂತಲ್ಲ? ನಮ್ಮ ಚಿಕ್ಕಪ್ಪನಿಗೆ ಆಂಜಿಯೋ ಮುಂಚೆ ಕೊಟ್ಟಿದ್ದರು. ಕೊಳೆತ ಮೊಟ್ಟೆ ವಾಸನೆ.

ನೆಫ್ರೋ_ನೈಟ್‌ಡ್ಯೂಟಿ
ವಾಸನೆ ಮಾತ್ರ ಗ್ಯಾರಂಟಿ. 2018ರಲ್ಲಿ ಪ್ರಕಟವಾದ ಪ್ರಿಸರ್ವ್ ಅಧ್ಯಯನದಲ್ಲಿ ಆಂಜಿಯೋ ಮಾಡಿಸಿಕೊಂಡ, ಕಿಡ್ನಿ ಅಪಾಯ ಇದ್ದ 5 ಸಾವಿರದಷ್ಟು ಜನರಲ್ಲಿ ಇದನ್ನು ನೋಡಿದರು. ಉಪಯೋಗ ಕಾಣಲಿಲ್ಲ. ಸೋಡಾ ಬೈಕಾರ್ಬನೇಟ್ ಕೂಡ ಸಲೈನ್‌ಗಿಂತ ಮೇಲಲ್ಲ.

ಸಂಶಯ_ಸಿದ್ದಪ್ಪ
ನೋಡಿ, ಇಷ್ಟು ದಿನ ಕೊಟ್ಟು ಬಿಲ್ ಮಾಡಿದರು, ಈಗ ಉಪಯೋಗ ಇಲ್ಲ ಅಂತಾರೆ!

ಡಯಾಲಿಸಿಸ್_ದೀಪಾ
ಬಹಳ ಅಗ್ಗದ ಔಷಧ ಅದು ಸಿದ್ದಪ್ಪಣ್ಣ. ಸಿಟ್ಟನ್ನು ವಾಲ್ವ್ ರೇಟಿಗೆ ಉಳಿಸಿಕೊಳ್ಳಿ.

ಮಲೆನಾಡ_ಕೊಡೆ
ಹಿಮೋಗ್ಲೋಬಿನ್ 9.8ರ ಮಾತು ಅರ್ಧಕ್ಕೇ ನಿಂತಿದೆ. ಅದಕ್ಕೇನು ಮಾಡಬೇಕು?

ನೆಫ್ರೋ_ನೈಟ್‌ಡ್ಯೂಟಿ
ಕಾರಣ ಹುಡುಕಬೇಕು. ಕಿಡ್ನಿ ದುರ್ಬಲವಾದರೆ ರಕ್ತ ತಯಾರಾಗುವುದು ಕಡಿಮೆ, ಅದೊಂದು. ಇನ್ನೊಂದು, ಈ ವಾಲ್ವ್ ಕಾಯಿಲೆಯಲ್ಲೇ ಕೆಲವರಿಗೆ ಕರುಳಿನಿಂದ ಸಣ್ಣಗೆ ರಕ್ತ ಸೋರುತ್ತೆ. ಹೈಡ್ ಎನ್ನುವ ಅಮೆರಿಕದ ವೈದ್ಯರು 1958ರಲ್ಲೇ ಇದನ್ನು ಬರೆದರು. ಕಿರಿದಾದ ವಾಲ್ವ್‌ನಲ್ಲಿ ರಕ್ತ ರಭಸದಿಂದ ನುಗ್ಗುವಾಗ ಹೆಪ್ಪುಗಟ್ಟಿಸುವ ಒಂದು ಪ್ರೋಟೀನ್ ತುಂಡಾಗುತ್ತೆ ಎಂದು ಆಮೇಲೆ ಗೊತ್ತಾಯಿತು. ಮಲ ಕಪ್ಪಗೆ ಹೋಗುತ್ತಾ ಕೇಳಿ. ಕಬ್ಬಿಣಾಂಶ ಕಡಿಮೆ ಇದ್ದರೆ ಟಾವಿಗೆ ಮುಂಚೆಯೇ ತುಂಬಿಸಲು ಸಮಯ ಇದೆ. ಟೇಬಲ್ ಮೇಲೆ ಅವಸರದಲ್ಲಿ ರಕ್ತ ಏರಿಸುವುದಕ್ಕಿಂತ ಅದು ವಾಸಿ.

ಮೈಸೂರು_ಮಗಳು
ಒಂದು ಅಪ್‌ಡೇಟ್. ಹೃದಯದ ಡಾಕ್ಟರ ಎದುರಲ್ಲೇ ಕಿಡ್ನಿ ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಸ್ವಲ್ಪ ಧೈರ್ಯ ಬೇಕಾಯಿತು. ಇಬ್ಬರೂ ಹತ್ತು ನಿಮಿಷ ಮಾತಾಡಿದರು, ನಾನು ಬರೆದುಕೊಂಡೆ. ಮೊದಲು ಕಡಿಮೆ ಕಾಂಟ್ರಾಸ್ಟ್ ಸಿಟಿ. ಅದರಲ್ಲೇ ಹೃದಯದ ರಕ್ತನಾಳ ಸರಿಯಾಗಿ ಕಂಡರೆ ಬೇರೆ ಆಂಜಿಯೋ ಬೇಡವಂತೆ. ನಂತರ ಬಿಡುವು, ಮತ್ತೆ ಕ್ರಿಯೇಟಿನಿನ್, ಕಬ್ಬಿಣದ ಇಂಜೆಕ್ಷನ್. ಆಮೇಲೆ ಟಾವಿ. ಅಣ್ಣನಿಗೆ ಆ 50.7ರ ಲೆಕ್ಕ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ. ಬರೀ ನೀಲಿ ಟಿಕ್.

ಅತ್ತಿಗೆ_ಆನ್‌ಲೈನ್
ನೀಲಿ ಟಿಕ್ ಅಂದರೆ ದುಡ್ಡು ಕಳಿಸ್ತಾನೆ ಬಿಡಿ ಅಕ್ಕ 😄

ಕುಡ್ಲ_ಕ್ಯಾಥ್‌ಲ್ಯಾಬ್
ಸ್ಪೀಕರ್ ಹಾಕಿದ್ದು ಭಾರಿ ಒಳ್ಳೆಯ ಕೆಲಸ ಮೇಡಂ. ಈಗ ಟಾವಿ ಆದವರನ್ನು ಎರಡು ಮೂರನೇ ದಿನಕ್ಕೇ ಮನೆಗೆ ಕಳಿಸುವುದು ಹೆಚ್ಚು. ಕ್ರಿಯೇಟಿನಿನ್ ತುದಿ ಮುಟ್ಟುವುದು ಆಮೇಲೆ. ಡಿಸ್ಚಾರ್ಜ್ ಕಾಗದದಲ್ಲಿ ಮತ್ತೆ ಯಾವಾಗ ರಕ್ತ ಪರೀಕ್ಷೆ ಎಂದು ಬರೆದಿಲ್ಲದಿದ್ದರೆ ಬರೆಸಿಕೊಂಡೇ ಹೊರಡಿ. ವಾರದೊಳಗೆ ಒಮ್ಮೆ ಕ್ರಿಯೇಟಿನಿನ್, ಜೊತೆಗೆ ಪೊಟ್ಯಾಸಿಯಂ.

ಮೈಸೂರು_ಮಗಳು
ಮನೆಗೇ ಬಂದು ರಕ್ತ ತಗೊಂಡು ಹೋಗುವ ಲ್ಯಾಬ್‌ನವರು ಆಗುತ್ತಾ? ಅಮ್ಮನನ್ನು ಆಟೋದಲ್ಲಿ ಕೂರಿಸಿ ಮತ್ತೆ ಓಡಾಡಿಸುವುದು ಕಷ್ಟ.

ಡಯಾಲಿಸಿಸ್_ದೀಪಾ
ಧಾರಾಳ ಆಗುತ್ತೆ. ಮೊದಲಿನ ಪರೀಕ್ಷೆಗಳನ್ನು ಮಾಡಿದ ಅದೇ ಲ್ಯಾಬ್ ಆದರೆ ಒಳ್ಳೆಯದು, ಲ್ಯಾಬ್ ಬದಲಾದರೆ 0.1, 0.2 ಹೆಚ್ಚುಕಮ್ಮಿ ಬಂದು ಸುಮ್ನೆ ಗಾಬರಿ. ಮಧ್ಯದಲ್ಲಿ ಮೂತ್ರ ಕಡಿಮೆಯಾಯಿತು, ಕಾಲು ಊದಿತು, ಉಸಿರು ಕಟ್ಟಿತು ಅಂದರೆ ಲ್ಯಾಬ್‌ನವರನ್ನು ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಡಿಕಾಕ್ಷನ್
ನಮ್ಮ ಮಾವನದು 1.1 ಇದೆ, ಇಜಿಎಫ್‌ಆರ್ ಯಾರೂ ಹೇಳಿಲ್ಲ. ರಿಪೋರ್ಟ್‌ನಲ್ಲಿ ಎಲ್ಲಿ ಇರುತ್ತೆ?

ಡಯಾಲಿಸಿಸ್_ದೀಪಾ
ಕ್ರಿಯೇಟಿನಿನ್ ಸಾಲಿನ ಕೆಳಗೇ ಇರುತ್ತೆ ನೋಡಿ. ಇಲ್ಲದಿದ್ದರೆ ಲ್ಯಾಬ್‌ಗೆ ವಯಸ್ಸು ಹೇಳಿ ಕೇಳಿ, ಲೆಕ್ಕ ಹಾಕಿ ಕೊಡ್ತಾರೆ.